ಹವಾಲ್ದಾರನ ಭಂಡಾರ

ಸೋಲಾಪುರ
10-11-1975

ಗೋಪಿಕಾ,

ನಿನ್ನ ದೀಪಾವಳಿಯ ಪಾಕೀಟು ಹಬ್ಬ ಮುಗಿದ ಮೇಲೆ ಬಂತು. ಒಳಗಿನ ಭಂಡಾರದ ಪುಡಿಕೆ ದಾರಿಯಲ್ಲೇ ಒಡೆದು ಕಾಗದವೆಲ್ಲ ಅರಿಸಿನವಾಗಿತ್ತು. ಅಂಚೆಯವನ ಬೆರಳಿಗೂ ಹತ್ತಿತ್ತು. ಮೈಲಾರನ ಪ್ರಸಾದ ಎಂದು ಗೊತ್ತಾಗಿ ಅವನು ಹಣೆಗೆ ಹಚ್ಚಿಕೊಂಡೇ ಹೋದ. ಉಳಿದದ್ದನ್ನು ಡಬ್ಬಿಗೆ ಹಾಕಿದ್ದೇನೆ.

ನಿನ್ನ ಅಣ್ಣ ಹೋದಾಗಿನಿಂದ ನನಗೆ ಬರುವ ಎಲ್ಲ ಪತ್ರಗಳಲ್ಲೂ ಹೆಸರಿನ ಹಿಂದೆ ‘ಗಂ. ಭಾ.’ ಬಂದು ಕೂತಿದೆ. ವಿಧವೆಗೆ ಹಾಗೆ ಬರೆಯುವುದು ಪದ್ಧತಿ, ಯಾರ ತಪ್ಪೂ ಅಲ್ಲ. ನೀನೊಬ್ಬಳು ಇನ್ನೂ ‘ವೈನಿ’ ಎಂದಷ್ಟೇ ಬರೆಯುತ್ತೀ. ನನ್ನ ಗಮನಕ್ಕೆ ಬಂದಿದೆ ಎಂದು ಹೇಳಿದೆ.

ಹವಾಲ್ದಾರ ಹೇಗಿದ್ದಾನೆ ಎಂದು ಕೇಳಿದ್ದೀ. ಒಂದು ವಾರವಾಯಿತು, ಏನೂ ಸರಿಯಾಗಿ ತಿನ್ನುತ್ತಿಲ್ಲ. ಮೂಸಿ ನೋಡಿ ಮುಖ ತಿರುಗಿಸುತ್ತಾನೆ. ಹಗಲೆಲ್ಲ ಹೊಲಿಗೆ ಯಂತ್ರದ ಪೆಡಲಿನ ಮೇಲೆ ಮಲಗಿರುತ್ತಾನೆ. ಅವನನ್ನು ಎಬ್ಬಿಸುವ ಮನಸ್ಸಾಗದೆ ಹೊಲಿಗೆ ಹಾಗೇ ಬಿದ್ದಿದೆ. ನಿನ್ನ ಅಣ್ಣ ಬೆಕ್ಕಿಗೆ ಆ ಹೆಸರಿಟ್ಟದ್ದೇ ಚಾಳಿನ ಗೋಡೆಯ ಮೇಲೆ ಈ ತುದಿಯಿಂದ ಆ ತುದಿಗೆ ಗಸ್ತು ತಿರುಗುತ್ತಾನೆಂದು. ಈಗ ಗೋಡೆ ಏರುವುದಿಲ್ಲ.

ಸಂಜೆ ಪಾಳಿ ಬಿಡುವ ಹೊತ್ತಿಗೆ ಮಿಲ್ಲಿನ ಭೋಂಗಾ ಕೂಗಿದ ಕೂಡಲೇ ಚಾಳಿನ ಬಾಗಿಲಿಗೆ ಹೋಗಿ ಕೂರುತ್ತಿದ್ದನಲ್ಲ, ಎಲ್ಲರೂ ಅದನ್ನು ಪ್ರೀತಿ ಎನ್ನುತ್ತಿದ್ದರು. ನಿನ್ನ ಅಣ್ಣನ ಕಿಸೆಯಲ್ಲಿ ಒಣಮೀನು ಇರುತ್ತಿತ್ತು ಎಂಬುದು ನನಗೆ ಗೊತ್ತು. ಆದರೆ ಅವರು ಹೋಗಿ ಒಂದು ವರ್ಷ ಕಳೆದ ಮೇಲೂ ಹೋಗಿ ಕೂರುತ್ತಿದ್ದ. ಈ ವಾರ ಭೋಂಗಾ ಆದರೆ ಕಿವಿ ಮಾತ್ರ ಎತ್ತುತ್ತಾನೆ.

ರವಿವಾರ ಅವರು ಪೂಜೆ ಮುಗಿಸಿ ಮೊದಲು ಅವನ ಹಣೆಗೆ, ಎರಡೂ ಕಿವಿಗೆ ಭಂಡಾರ ಹಚ್ಚಿ, ಆಮೇಲೆ ನನಗೆ ಹಚ್ಚುತ್ತಿದ್ದರು. ಅವನದನ್ನು ನಾನು ತಪ್ಪಿಸಿಲ್ಲ. ನಿನ್ನೆಯೂ ಹಚ್ಚಿದ್ದೇನೆ.

ದ್ವಾರಕಾ

•

ಅಕ್ಕಲಕೋಟ
17-11-1975

ಏಳಕೋಟಿ ಏಳಕೋಟಿ

ವೈನಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದು ದುಃಖವೇ ವೈನಿ. ಮನುಷ್ಯರು ಅತ್ತು ಹಗುರಾಗುತ್ತಾರೆ, ಅವನಿಗೆ ಅಳಲು ಬರುವುದಿಲ್ಲ. ಅಣ್ಣ ಬರುತ್ತಾನೆಂದು ಒಂದು ವರ್ಷ ಕಾದು ಈಗ ಕೈಚೆಲ್ಲಿದ್ದಾನೆ.

ಇವರಿಗೆ ಓದಿ ಹೇಳಿದೆ. ಕುರಿ ಬಿಟ್ಟರೆ ಇವರಿಗೆ ಜಗತ್ತಿನಲ್ಲಿ ಬೇರೆ ಜೀವ ಇಲ್ಲ, ನಿಮಗೆ ಗೊತ್ತೇ ಇದೆ. ದಿನಾ ಮುಂಜಾನೆ ಹಟ್ಟಿಯಲ್ಲಿ ನಿಂತು ಒಂದೊಂದು ಕುರಿಯ ಕಣ್ಣಿನ ಕೆಳರೆಪ್ಪೆ ಜಗ್ಗಿ ಬಣ್ಣ ನೋಡುತ್ತಾರೆ. ನನ್ನ ಕಣ್ಣು ಕೆಂಪಾದರೆ ಮಾತ್ರ ಕಾಣುವುದಿಲ್ಲ. “ಬೆಕ್ಕಿಗೆ ಎಂಥಾ ದುಃಖ? ಹೊಟ್ಟ್ಯಾಗ ಏನರೆ ಹೋಗಿರಬೇಕು. ಹಲ್ಲಿ ತಿಂದಾನೇನು ಕೇಳು” ಎಂದರು. ನಿಮ್ಮ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವವರಿದ್ದಾರಲ್ಲ, ಆ ನೀರು ಕುಡಿದಿರಬಹುದೇ ಎಂದೂ ಕೇಳಿದ್ದಾರೆ. ಕೇಳು ಎಂದರು, ಕೇಳಿದ್ದೇನೆ. ನನಗೆ ಮಾತ್ರ ಅದು ಅಣ್ಣನ ನೆನಪೇ ಅನಿಸುತ್ತದೆ.

ಈ ಸಲ ಭಂಡಾರವನ್ನು ಎರಡು ಕಾಗದದಲ್ಲಿ ಮಡಿಚಿ ದಾರ ಸುತ್ತಿದ್ದೇನೆ. ರವಿವಾರದ ದಾರಿ ಕಾಯಬೇಡಿ, ದಿನಾ ಹಚ್ಚಿರಿ.

ನಿಮ್ಮ ಗೋಪಿಕಾ

•

ಸೋಲಾಪುರ
25-11-1975

ಗೋಪಿಕಾ,

ದುಃಖ ಇರಲಿಕ್ಕಿಲ್ಲ. ಅವರು ಹೋದ ತಿಂಗಳಲ್ಲಿ ನಾನು ಅನ್ನ ಬಿಟ್ಟಿದ್ದೆ, ಅವನು ಬಿಟ್ಟಿರಲಿಲ್ಲ. ನನ್ನ ಪಾಲಿನದನ್ನೂ ತಿಂದಿದ್ದ. ಹಲ್ಲಿಯ ಬಗ್ಗೆ ಗೊತ್ತಿಲ್ಲ. ಬಣ್ಣದ ನೀರು ಗಟಾರದಲ್ಲಿ ಯಾವಾಗಲೂ ಹರಿಯುತ್ತದೆ. ಈ ಆರು ವರ್ಷ ಕುಡಿಯದವನು ಈಗ ಯಾಕೆ ಕುಡಿದಾನು?

ಶನಿವಾರ ಅವನನ್ನು ದನದ ದವಾಖಾನೆಗೆ ಒಯ್ದಿದ್ದೆ. ಬುಟ್ಟಿಯಲ್ಲಿ ಕೂಡಿಸಿ ಮೇಲೆ ಸೆರಗಿನ ತುಂಡು ಕಟ್ಟಿದೆ. ತಾಂಗಾ ಹತ್ತುವಾಗ ಎದುರುಮನೆಯ ಸುಗಲಾಬಾಯಿ ಕಟ್ಟೆಯ ಮೇಲಿಂದಲೇ, “ನಮ್ಮ ಮುದುಕಗ ಮಂಡಿ ನೋವು ಅಂದ್ರ ಯಾರೂ ತಾಂಗಾ ತರವಲ್ರು. ಹವಾಲ್ದಾರ ನೋಡ, ಸಾಹೇಬನಂಗ ಹೊಂಟಾನ” ಎಂದಳು. ಅಂದವಳೇ ಇಳಿದು ಬಂದು ಬುಟ್ಟಿ ಹಿಡಿದುಕೊಂಡು ನನ್ನ ಜೊತೆ ಹತ್ತಿದಳು.

ಅಲ್ಲಿ ಎಲ್ಲ ಎಮ್ಮೆ, ಎತ್ತುಗಳು. ನಮ್ಮ ಪಾಳಿ ಬರುವಾಗ ಮಧ್ಯಾಹ್ನವಾಯಿತು. ಡಾಕ್ಟರರು ಒಳ್ಳೆಯವರು, ದಣಿದಿದ್ದರು. ಬೆಕ್ಕು ತಂದವರು ಈ ವರ್ಷ ನೀವೇ ಮೊದಲು ಎಂದು ಮರಾಠಿಯಲ್ಲಿ ಹೇಳಿದರು. ಹೊಟ್ಟೆ ಒತ್ತಿ ನೋಡಿದರು. ಕಿವಿ ಮಡಿಚಿ, ಇದೇನು ಹಳದಿ ಎಂದು ಕೇಳಿದರು. ಭಂಡಾರ, ಅವರ ಮಾತಿನಲ್ಲಿ ಖಂಡೋಬನದು ಎಂದೆ. ಅವರು ತಲೆ ಆಡಿಸಿ ಕಿವಿ ಬಿಟ್ಟರು. ಅವರ ಮನೆಯಲ್ಲೂ ಅದೇ ದೇವರಂತೆ. ಏನು ಬೇನೆ ಎಂದು ಈಗ ಹೇಳಲಾಗುವುದಿಲ್ಲ, ಹುಳದ್ದಿರಬಹುದು ಎಂದು ಒಂದು ಬಾಟಲಿ ಔಷಧ ಕೊಟ್ಟಿದ್ದಾರೆ. ಚಮಚೆಯಿಂದ ಹಾಕಿದರೆ ಅರ್ಧ ನನ್ನ ಸೀರೆಗೆ ಬರುತ್ತದೆ. ಮೊದಲಾದರೆ ಪರಚುತ್ತಿದ್ದ. ಈಗ ಪರಚುವುದಿಲ್ಲ. ಪರಚಿದರೆ ಒಳ್ಳೆಯದಿತ್ತು.

ದ್ವಾರಕಾ

•

ಅಕ್ಕಲಕೋಟ
1-12-1975

ಏಳಕೋಟಿ ಏಳಕೋಟಿ

ವೈನಿ, ದವಾಖಾನೆಗೆ ಒಯ್ದದ್ದು ಚಲೋ ಆಯಿತು. ಡಾಕ್ಟರರ ಮನೆದೇವರೂ ಮೈಲಾರನೇ ಎಂದರೆ ಇನ್ನೇನು ಬೇಕು? ಅವನೇ ಕಳಿಸಿದ್ದಾನೆ.

ಈಗ ನಾನು ಮಾಡಿದ್ದನ್ನು ಕೇಳಿ ನಗಬೇಡಿ. ಬರುವ ಮೈಲಾರನ ಚಟ್ಟಿ ಹಬ್ಬದ ದಿನ ನಮ್ಮ ಮನೆಯಲ್ಲಿ ತಳಿ ಎತ್ತುತ್ತೇವಲ್ಲ, ಈ ಸಲ ಒಂದು ತಳಿ ಹವಾಲ್ದಾರನ ಹೆಸರಿನಲ್ಲಿ ಎಂದು ಹರಕೆ ಹೇಳಿಕೊಂಡಿದ್ದೇನೆ. ತಾಟಿನಲ್ಲಿ ಭಂಡಾರ, ಕೊಬ್ಬರಿ ಎಲ್ಲ ಇಟ್ಟು ಐದು ಜನ ಎತ್ತಬೇಕು. ಐದನೆಯವನಾಗಿ ಬಾ ಎಂದು ಬೀರಣ್ಣ ಕಾಕಾನನ್ನು ಕರೆಯಲು ಹೋದೆ. ಬೆಕ್ಕಿನ ಹೆಸರಿನ ತಳಿ ಎಂದು ಕೇಳಿ ಮುದುಕ ಕೆಮ್ಮು ಬರುವವರೆಗೆ ನಕ್ಕ. “ನಮ್ಮಜ್ಜನ ಕಾಲದಾಗೂ ಕೇಳಿಲ್ಲವ್ವ ಇದನ್ನ” ಎಂದ. ಅದಕ್ಕೆ ಜೊತೆಗೆ ಬಂದಿದ್ದ ಇವರು, “ಕುರಿಗೆ ಎತ್ತತೀವಿ, ಕುದರಿಗೆ ಎತ್ತತೀವಿ, ಹವಾಲ್ದಾರಗ ಎತ್ತಾಕ ಏನ ಧಾಡಿ? ಸರಕಾರಿ ಮನಷಾ ಅದಾನ” ಎಂದರು. ಇವರ ಬಾಯಿಂದ ಇಂಥ ಮಾತು ಬಂದದ್ದು ಕೇಳಿ ನನಗೇ ಆಶ್ಚರ್ಯ. ಕಾಕಾ ಬರುತ್ತೇನೆಂದಿದ್ದಾನೆ.

ಚಟ್ಟಿಗೆಂದು ಹೊಸ ಭಂಡಾರ ಇದರೊಳಗೆ ಇಟ್ಟಿದ್ದೇನೆ. ಆ ದಿನ ಅಲ್ಲಿ ನೀವು ಹಚ್ಚಿರಿ, ಇಲ್ಲಿ ನಾವು ಎತ್ತುತ್ತೇವೆ. ಆಮೇಲೆ ಅವನು ಹಾಲು ಕುಡಿದನೆಂದು ನಿಮ್ಮ ಪತ್ರ ಬರಬೇಕು. ಬಂದೇ ಬರುತ್ತದೆ.

ನಿಮ್ಮ ಗೋಪಿಕಾ

•

ಸೋಲಾಪುರ
11-12-1975

ಗೋಪಿಕಾ,

ಚಟ್ಟಿ ಆಯಿತು. ನೀವು ಇಷ್ಟೊತ್ತಿಗೆ ತಳಿ ಎತ್ತುತ್ತಿರಬಹುದು ಎಂದು ಲೆಕ್ಕ ಹಾಕಿ ನಾನೂ ಸ್ನಾನ ಮಾಡಿ ಅವನನ್ನು ತೊಡೆಯ ಮೇಲೆ ಹಾಕಿಕೊಂಡೆ. ಹಳೆಯದರ ಮೇಲೆ ಹೊಸದು ಬೇಡ, ಒರೆಸಿ ಹಚ್ಚೋಣ ಎಂದು ಒದ್ದೆ ಬಟ್ಟೆ ತಂದೆ.

ಹಣೆಯದು ಹೋಯಿತು. ಕಿವಿಯದು ಹೋಗಲಿಲ್ಲ. ಬಟ್ಟೆ ತೊಳೆದು ಮತ್ತೆ ಒರೆಸಿದೆ. ಬಟ್ಟೆಗೆ ಏನೂ ಹತ್ತಲಿಲ್ಲ, ಕಿವಿ ಹಾಗೇ ಹಳದಿ. ಒಳಗಿನಿಂದ ಬಂದ ಬಣ್ಣದ ಹಾಗೆ ಇದೆ. ಬೆಳಕಿಗೆ ಒಯ್ದು ನೋಡಿದೆ. ಕಣ್ಣಿನ ಮೂಲೆಯಲ್ಲೂ ಅದೇ. ಅಲ್ಲಿ ನಾನು ಯಾವತ್ತೂ ಭಂಡಾರ ಹಚ್ಚಿಲ್ಲ.

ಹಾಲು ಕುಡಿಯಲಿಲ್ಲ. ನೀರನ್ನು ಬೆರಳಿನಿಂದ ಬಿಟ್ಟರೆ ನೆಕ್ಕುತ್ತಾನೆ.

ಕಾಕಾನಿಗೂ ನಿನ್ನ ಮನೆಯವರಿಗೂ ನನ್ನ ನಮಸ್ಕಾರ ಹೇಳು. ಒಂದು ಬೆಕ್ಕಿಗಾಗಿ ಅಷ್ಟು ಜನ ಕೈ ಹಚ್ಚಿದರಲ್ಲ.

ದ್ವಾರಕಾ

•

ಅಕ್ಕಲಕೋಟ
16-12-1975
(ಕಾರ್ಡು)

ವೈನಿ, ಪತ್ರ ಮುಟ್ಟಿತು. ಒರೆಸಿದರೂ ಹೋಗಲಿಲ್ಲ ಎಂದರೆ ಅದು ಅವನ ಮೈಯಲ್ಲಿ ನಿಂತಿದೆ ಎಂದು ಅರ್ಥ. ಮೈಲಾರಲಿಂಗ ತಳಿ ಒಪ್ಪಿಕೊಂಡಿದ್ದಾನೆ. ಇನ್ನು ಒರೆಸಬೇಡಿ. ಹೊಸದನ್ನು ಹಚ್ಚುವುದೂ ಬೇಡ. ಔಷಧಕ್ಕಾಗಿ ಅವನಿಗೆ ತ್ರಾಸು ಕೊಡಬೇಡಿ. ಬೆಚ್ಚಗೆ ಇಡಿ. ನೀವು ಹೊತ್ತಿಗೆ ಸರಿಯಾಗಿ ಉಣ್ಣಿರಿ.

ಗೋಪಿಕಾ

•

ಸೋಲಾಪುರ
24-12-1975

ಗೋಪಿಕಾ,

ನಿನ್ನ ಕಾರ್ಡು ಬಂತು. ದೇವರು ಒಪ್ಪಿಕೊಂಡಿದ್ದಾನೆ ಎಂದು ಬರೆದಿದ್ದೀ. ಹಾಗೇ ಇರಲಿ.

ಹವಾಲ್ದಾರನಿಗೆ ಮೊದಲಿನಷ್ಟು ಸಂಕಟ ಇಲ್ಲ. ನೀನು ಚಿಂತೆ ಮಾಡಬೇಡ.

ಚಳಿ ಬಹಳ ಇದೆ. ಸುಗಲಾಬಾಯಿಯ ಮುದುಕನ ಮಂಡಿಗೆ ಎಣ್ಣೆ ಕಾಸಿ ಕೊಟ್ಟೆ. ಬಿದ್ದಿದ್ದ ಹೊಲಿಗೆಯನ್ನೆಲ್ಲ ನಿನ್ನೆ ರಾತ್ರಿ, ಇವತ್ತು ಕೂತು ಮುಗಿಸಿದೆ. ಹೋಟಗಿಯವರ ಮದುವೆಯ ಕುಪ್ಪಸಗಳೂ ಆದವು. ಇನ್ನೇನು ಬರೆಯಲಿ?

ದ್ವಾರಕಾ

•

ಅಕ್ಕಲಕೋಟ
2-1-1976

ವೈನಿ, ಇವರು ಕುರಿ ಹೊಡೆದುಕೊಂಡು ನಂದೇಶ್ವರದ ಕಡೆ ಹೋಗಿದ್ದಾರೆ. ಅಲ್ಲಿ ಕಟಾವಾದ ಹೊಲಗಳಲ್ಲಿ ಗೊಬ್ಬರಕ್ಕೆ ಹಿಂಡು ಕೂಡಿಸಲು ಕರೆ ಬಂದಿತ್ತು. ಹಟ್ಟಿಯಲ್ಲಿ ಉಳಿದವು ನಾಲ್ಕು ಬಾಣಂತಿ ಕುರಿಗಳು, ನಾನು. ಒಂದು ಮರಿಯ ತಾಯಿಗೆ ಹಾಲಿಲ್ಲ. ಅದು ನನ್ನ ಸೆರಗು ಚೀಪಿ ಚೀಪಿ ಎಲ್ಲ ಸೀರೆಗಳ ಅಂಚು ಹಾಳು ಮಾಡಿದೆ. ನೀವು ಬಂದಾಗ ಹೊಲಿದು ಕೊಡಬೇಕು.

ಸಂಕ್ರಾಂತಿಗೆ ಎಳ್ಳು ಹುರಿದಿಟ್ಟಿದ್ದೇನೆ.

ಹವಾಲ್ದಾರನದು ನಿಮಗೆ ಯಾವಾಗ ಬರೆಯಬೇಕು ಅನಿಸುತ್ತದೋ ಆಗ ಬರೆಯಿರಿ. ಅವಸರ ಇಲ್ಲ.

ಗೋಪಿಕಾ

•

ಸೋಲಾಪುರ
9-1-1976

ಗೋಪಿಕಾ,

ಅವನು ಡಿಸೆಂಬರ್ ಇಪ್ಪತ್ಮೂರಕ್ಕೆ ಹೋದ. ನಿನಗೆ ಆ ಪತ್ರ ಬರೆಯುವಾಗ ಅವನನ್ನು ಮಣ್ಣು ಮಾಡಿ ಒಂದು ದಿನವಾಗಿತ್ತು. ಸಂಕಟ ಇಲ್ಲ ಎಂದು ಬರೆದೆ. ಬೇರೆ ಬರೆಯಲು ಕೈ ಬರಲಿಲ್ಲ. ಅಷ್ಟು ನಂಬಿಕೆಯಿಂದ ತಳಿ ಎತ್ತಿಸಿದ್ದೀ, ದೇವರು ಒಪ್ಪಿದ ಎಂದು ಬರೆದಿದ್ದೀ. ನಿನ್ನ ಅಣ್ಣನದೆಂದು ಉಳಿದ ಜೀವ ಅದೊಂದೇ ಎಂದು ನೀನು ತಿಳಿದಿದ್ದೀ ಎಂಬುದೂ ನನಗೆ ಗೊತ್ತು. ಆ ಹಳದಿ ಭಂಡಾರವಲ್ಲ, ಬೇನೆ ಎಂದು ಹೇಗೆ ಬರೆಯಲಿ?

ನಿನ್ನ ಕಾರ್ಡು ಬರುವ ಮೊದಲೇ ಅವನನ್ನು ಇನ್ನೊಮ್ಮೆ ದವಾಖಾನೆಗೆ ಒಯ್ದಿದ್ದೆ. ಈ ಸಲ ಬುಟ್ಟಿ ಹಗುರಾಗಿತ್ತು. ಸುಗಲಾಬಾಯಿ ಕರೆಯುವ ಮೊದಲೇ ತಾಂಗಾ ಹತ್ತಿದ್ದಳು. ಡಾಕ್ಟರರು ತುಟಿ ಎತ್ತಿ ಒಸಡು ನೋಡಿದರು. ಅದೂ ಹಳದಿ. ಯಕೃತ್ತಿನದಿರಬಹುದು, ವಿಷದ್ದಿರಬಹುದು, ರಕ್ತದ್ದಿರಬಹುದು, ತಮಗೆ ಹೇಳಲು ಬರುವುದಿಲ್ಲ ಎಂದರು. ಮೊದಲ ಸಲವೇ ಅದು ಭಂಡಾರವಲ್ಲ ಎಂದು ಗೊತ್ತಾಗಿದ್ದರೆ ಉಳಿಯುತ್ತಿದ್ದನೇ ಎಂದು ಕೇಳಿದೆ. ಅದನ್ನೂ ಹೇಳಲು ಬರುವುದಿಲ್ಲ ಎಂದರು. ಸುಳ್ಳು ಹೇಳಿ ಕಳಿಸಬಹುದಿತ್ತು, ಹೇಳಲಿಲ್ಲ. ಅದಕ್ಕೆ ನನಗೆ ಅವರ ಮೇಲೆ ಸಿಟ್ಟಿಲ್ಲ.

ಕೊನೆಯ ದಿನ ಸಂಜೆ ಭೋಂಗಾ ಆಯಿತು. ಪೆಡಲಿನ ಮೇಲೆಯೇ ಇದ್ದ. ಮುಂಗಾಲು ಊರಿ ಏಳಲು ನೋಡಿದ, ಆಗಲಿಲ್ಲ. ಎತ್ತಿಕೊಂಡು ಚಾಳಿನ ಬಾಗಿಲಿಗೆ ಒಯ್ದು ಕೂತೆ. ಪಾಳಿ ಬಿಟ್ಟವರೆಲ್ಲ ನಮ್ಮ ಮುಂದೆಯೇ ಹಾಯ್ದು ಹೋದರು. ಸೈಕಲ್ಲುಗಳು, ಖಾಲಿ ಡಬ್ಬಿಗಳ ಸಪ್ಪಳ. ಒಬ್ಬೊಬ್ಬರನ್ನೇ ನೋಡಿದ. ಎಲ್ಲರೂ ಹೋದ ಮೇಲೆ ತಲೆಯನ್ನು ನನ್ನ ಮೊಣಕೈಗೆ ಒರಗಿಸಿದ. ದೀಪ ಹಚ್ಚುವ ಹೊತ್ತಿಗೆ ಅವನು ಇರಲಿಲ್ಲ. ಅವನು ಕಾಯುತ್ತಿದ್ದದ್ದು ಮೀನಿಗಾಗಿ ಎಂದು ನಿನಗೆ ಬರೆದಿದ್ದೆ. ಈಗ ಹಾಗೆ ಬರೆಯಲಾರೆ.

ಸುಗಲಾಬಾಯಿ ಮತ್ತು ನಾನು ಚಾಳಿನ ಗೋಡೆಯ ಬುಡದಲ್ಲಿ, ಅವನ ಗಸ್ತಿನ ಕೆಳಗೇ, ತೋಡಿದೆವು. ನೆಲ ಗಟ್ಟಿ ಇತ್ತು. ಚಟ್ಟಿಯ ಪುಡಿಕೆಯ ದಾರವನ್ನೂ ನಾನು ಬಿಚ್ಚಿರಲಿಲ್ಲ. ಅದನ್ನು ಒಡೆದು ಅವನ ಮೇಲೆ ಹಾಕಿದೆ, ಡಬ್ಬಿಯಲ್ಲಿದ್ದದ್ದನ್ನೂ ಹಾಕಿದೆ. ಬಿಳಿಯ ಮೈ ಪೂರಾ ಹಳದಿಯಾಯಿತು. ಆಗ ಕಿವಿಯ ಹಳದಿ ಬೇರೆಯಾಗಿ ಕಾಣಲಿಲ್ಲ. ಮನೆಯಲ್ಲಿ ಈಗ ಭಂಡಾರ ಇಲ್ಲ.

ರಾತ್ರಿ ನಿದ್ದೆ ಬರಲಿಲ್ಲ, ಹೊಲಿಗೆ ಯಂತ್ರ ತುಳಿದೆ.

ನಿನ್ನ ಕೊನೆಯ ಎರಡು ಪತ್ರಗಳಲ್ಲಿ ಪುಡಿಕೆ ಇರಲಿಲ್ಲ. ಮರೆತೆಯೋ ಏನೋ. ನಿನ್ನ ಮನಸ್ಸಿಗೆ ನೋವಾಗಿದ್ದರೆ ನನ್ನ ಮೇಲೆ ಸಿಟ್ಟಾಗಬೇಡ.

ದ್ವಾರಕಾ

•

ಅಕ್ಕಲಕೋಟ
15-1-1976

ವೈನಿ,

ನಾನು ಮರೆತಿರಲಿಲ್ಲ.

ಚಟ್ಟಿಯ ಮೇಲೆ ನೀವು ಬರೆದ ಪತ್ರವನ್ನು ಹಟ್ಟಿಯಲ್ಲೇ ನಿಂತು ಇವರಿಗೆ ಓದಿ ಹೇಳಿದೆ. ಕಣ್ಣಿನ ಮೂಲೆಯಲ್ಲೂ ಹಳದಿ ಎನ್ನುವಲ್ಲಿಗೆ ಬಂದಾಗ ಇವರು ಹಿಡಿದಿದ್ದ ಕುರಿಯನ್ನು ಬಿಟ್ಟರು. ದಿನಾ ರೆಪ್ಪೆ ಜಗ್ಗಿ ನೋಡುವುದು ಅದಕ್ಕೇ ಅಲ್ಲವೇ? ಕಣ್ಣಿಗೆ ಆ ಬಣ್ಣ ಬಂದ ಕುರಿ ನಮ್ಮ ಹಟ್ಟಿಯಲ್ಲಿ ಒಂದೂ ಉಳಿದಿಲ್ಲ. ನನಗೂ ಗೊತ್ತು, ನಾನೂ ಇಷ್ಟು ವರ್ಷ ನೋಡಿದ್ದೇನೆ. ಏನು ಬರೆಯಲಿ ಎಂದು ಕೇಳಿದೆ. “ಅಕ್ಕಾಗ ಏನ ಬರೀತಿ ಈಗ? ಬರದ್ರ ಉಳೀತೈತೇನು? ಇದ್ದಷ್ಟ ದಿನ ಆಸೇದಾಗರೆ ಇರ್ಲಿ” ಎಂದರು.

ಅದಕ್ಕೆ ದೇವರ ಹೆಸರು ಹೇಳಿ ಬರೆದೆ. ಮೈಲಾರನ ಹೆಸರಿನಲ್ಲಿ ಸುಳ್ಳು ಬರೆದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಪಾಕೀಟು ತಂದು ಇಟ್ಟಿದ್ದೆ, ಪುಡಿಕೆಯನ್ನೂ ಕಟ್ಟಿದ್ದೆ. ಆ ಸುಳ್ಳಿನ ಜೊತೆ ಭಂಡಾರ ಇಡಲು ಮನಸ್ಸಾಗಲಿಲ್ಲ. ಕಾರ್ಡಿನಲ್ಲಾದರೆ ಏನೂ ಇಡಲು ಬರುವುದಿಲ್ಲ ಎಂದು ಕಾರ್ಡು ಬರೆದೆ. ಪತ್ರದ ತಲೆಯ ಮೇಲೆ ಅವನ ಘೋಷ, ಏಳಕೋಟಿ ಎಂದೂ ಬರೆಯಲಿಲ್ಲ. ನೀವು ಗಮನಿಸುತ್ತೀರಿ ಎಂದು ಹೆದರಿದ್ದೆ.

ಹೊಲಿಗೆ ಎಲ್ಲ ಮುಗಿಯಿತು ಎಂದು ನೀವು ಬರೆದಿರಲ್ಲ, ಆಗಲೇ ತಿಳಿಯಿತು. ಅವನು ಪೆಡಲಿನ ಮೇಲೆ ಇದ್ದರೆ ನೀವು ಹೊಲಿಯುವುದಿಲ್ಲ. ಆ ಪತ್ರ ಕೈಯಲ್ಲಿ ಹಿಡಿದುಕೊಂಡೇ ಮರಿಗೆ ಹಾಲು ಕುಡಿಸಿದೆ. ಇವರು ಹಿಂಡಿನ ಜೊತೆ ಹೊರಟು ನಿಂತಿದ್ದರು. ಹೇಳಿದೆ. ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡು ಹೋದರು.

ವೈನಿ, ನೀವು ನನಗೆ ನೋವಾಗಬಾರದೆಂದು ಸುಮ್ಮನಿದ್ದಿರಿ, ನಾನು ನಿಮಗೆ ನೋವಾಗಬಾರದೆಂದು. ನಡುವೆ ಅವನೊಬ್ಬನೇ ಸತ್ತ. ಇನ್ನು ಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆಯೋಣ.

ಇಷ್ಟು ದಿನ ಕಳಿಸಿದ್ದೆಲ್ಲ ಹವಾಲ್ದಾರನಿಗೆಂದು. ನಿಮಗೆಂದು ಒಮ್ಮೆಯೂ ಇಡಲಿಲ್ಲ. ಅಣ್ಣ ಅವನಿಗೆ ಹಚ್ಚಿ ಆಮೇಲೆ ನಿಮಗೆ ಹಚ್ಚುತ್ತಿದ್ದ ಎಂದು ನೀವೇ ಬರೆದಿದ್ದಿರಿ, ಓದಿಯೂ ನನಗೆ ಹೊಳೆಯಲಿಲ್ಲ. ಈ ಪುಡಿಕೆ ನಿಮಗೆ. ಇದು ಕುಂಕುಮವಲ್ಲ ವೈನಿ. ದೇವರ ಭಂಡಾರ, ಇದಕ್ಕೆ ಯಾವ ನೇಮವೂ ಇಲ್ಲ. ಯಾರಾದರೂ ಏನಾದರೂ ಅಂದರೆ ಅವರನ್ನು ಅಕ್ಕಲಕೋಟಕ್ಕೆ ಕಳಿಸಿರಿ, ನಾನು ಮಾತಾಡುತ್ತೇನೆ.

ನಿಮ್ಮ ಗೋಪಿಕಾ

•

ಸೋಲಾಪುರ
19-1-1976

ಗೋಪಿಕಾ,

ಪಾಕೀಟು ಶನಿವಾರ ಬಂತು. ಪುಡಿಕೆ ಒಡೆದಿರಲಿಲ್ಲ.

ನಿನ್ನೆ ರವಿವಾರ ಪೂಜೆ ಆದ ಮೇಲೆ ಹಚ್ಚಿಕೊಂಡೆ. ಬೆರಳು ಮೊದಲು ಕೆಳಗೆ ಹೋಯಿತು, ಪೆಡಲಿನ ಕಡೆಗೆ. ಆಮೇಲೆ ನನ್ನ ಹಣೆಗೆ ಬಂತು. ನಳದ ಹತ್ತಿರ ಸುಗಲಾಬಾಯಿ ನೋಡಿದಳು. ಕೊಡ ಕೆಳಗಿಟ್ಟು, “ಎಲ್ಲಿಂದ ಬಂತು?” ಎಂದಳು. ನಾದಿನಿ ಕಳಿಸಿದ್ದಾಳೆ ಎಂದೆ. “ನನಗೂ ಒಂದೀಟ ಹಚ್ಚು ಮತ್ತ” ಎಂದು ಹಣೆ ಮುಂದೆ ಮಾಡಿದಳು. ಬೇರೆ ಯಾರೂ ಏನೂ ಅನ್ನಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಬರೆಯೋಣ ಎಂದಿದ್ದೀ, ಅದಕ್ಕೆ ಇದನ್ನೂ ಬರೆಯುತ್ತೇನೆ. ಸಂಜೆ ಭೋಂಗಾ ಆದ ಮೇಲೆ ಕನ್ನಡಿಯ ಮುಂದೆ ನಿಂತು ಒದ್ದೆ ಬಟ್ಟೆಯಿಂದ ಹಣೆ ಒರೆಸಿಕೊಂಡೆ. ಒಂದೇ ಸಲಕ್ಕೆ ಹೋಯಿತು. ಬಟ್ಟೆಯೆಲ್ಲ ಹಳದಿಯಾಯಿತು. ಅವನ ಕಿವಿಯದು ಹೀಗೆ ಹೋಗಿರಲಿಲ್ಲ.

ಮುಂದಿನ ಪಾಕೀಟಿನಲ್ಲಿ ಇನ್ನೊಂದಿಷ್ಟು ಇಡು. ಹರಿದ ಸೀರೆಗಳನ್ನು ತೆಗೆದಿಡು.

ವೈನಿ